ಅಗ್ಗದ ಸೂಪರ್‌ಬೈಕಿನ ಮುಂದಿನ ಬಿಲ್ಲು

ದೊಡ್ಡ ಎಂಜಿನ್ನಿನ ಸ್ಪೋರ್ಟ್ಸ್ ಬೈಕನ್ನು ಯಾಕೆ ಮಾರುತ್ತಿದ್ದೀರಿ ಎಂದು ಕೇಳಿದರೆ ಸಿಗುವ ಉತ್ತರಗಳು ಕೆಲವೇ. ಮದುವೆಯಾಯಿತು, ವಿದೇಶಕ್ಕೆ ಹೊರಟಿದ್ದೇನೆ, ಓಡಿಸಲು ಪುರುಸೊತ್ತಿಲ್ಲ. ಇವೆಲ್ಲ ನಿಜವೇ ಇರಬಹುದು. ಆದರೂ ಆ ಗಾಡಿಯ ಟೈರು ನೋಡಿ, ಚೈನು ನೋಡಿ, ಇನ್ಶೂರೆನ್ಸ್ ಯಾವ ತಿಂಗಳು ಮುಗಿಯುತ್ತದೆ ಎಂದು ನೋಡಿ. ನಾನು ನೋಡಿದ ಹೆಚ್ಚಿನ ಗಾಡಿಗಳಲ್ಲಿ ಈ ಮೂರೂ ಒಟ್ಟಿಗೇ ಕೊನೆಗೆ ಬಂದಿದ್ದವು. ಅರವತ್ತು ಎಪ್ಪತ್ತು ಸಾವಿರದ ಖರ್ಚು ಎದುರಿಗೆ ಬಂದು ನಿಂತಾಗ ಮಾರುವ ಮನಸ್ಸು ಗಟ್ಟಿಯಾಗುತ್ತದೆ. ಆ ಖರ್ಚನ್ನು ಕೊಳ್ಳುವವರು ಹೊರುತ್ತಾರೆ. ಬೆಲೆ ಅಗ್ಗವೆನಿಸುವುದು ಇದೇ ಕಾರಣಕ್ಕೆ.

ಆದ್ದರಿಂದ ಸಾಧಾರಣ ಸಂಬಳದವರಿಗೆ ನಾನು ಹೇಳುವ ಲೆಕ್ಕ ಹೀಗಿದೆ: ನಿಮ್ಮಲ್ಲಿರುವ ಹಣದ ಮೂರರಲ್ಲಿ ಎರಡು ಪಾಲಿಗೆ ಬೈಕು ಮುಗಿಯಬೇಕು. ಉಳಿದ ಪಾಲು ಮೊದಲ ವರ್ಷವೇ ಬೇಕಾಗುತ್ತದೆ. ಮೂರೂವರೆ ಲಕ್ಷ ಇರುವವರು ಮೂರೂವರೆ ಲಕ್ಷದ ಬೈಕನ್ನು ನೋಡಲೂ ಹೋಗಬಾರದು. ಒಮ್ಮೆ ಸ್ಟಾರ್ಟ್ ಮಾಡಿ ಆ ಸದ್ದು ಕೇಳಿದ ಮೇಲೆ ಲೆಕ್ಕ ಹಾಕುವ ಬುದ್ಧಿ ಉಳಿಯುವುದು ಕಷ್ಟ.

ನಾನಿರುವುದು ಹಾಸನದಲ್ಲಿ, ಲೆಕ್ಕಪತ್ರದ ಕೆಲಸ. ಬೇಲೂರು, ಚಿಕ್ಕಮಗಳೂರು, ಸಕಲೇಶಪುರದ ರಸ್ತೆಗಳು ಮನೆಯ ಬಾಗಿಲಿಗೇ ಬಂದಂತಿರುವ ಊರಿದು. 650 ಸಿ.ಸಿ.ಯ ಅವಳಿ ಸಿಲಿಂಡರ್ ಬೈಕೊಂದರ ಆಸೆ ನನಗೆ ಬಹಳ ವರ್ಷಗಳಿಂದ ಇತ್ತು. ಹೊಸದು ಕೊಳ್ಳುವ ಶಕ್ತಿ ಆಗಲೂ ಇರಲಿಲ್ಲ, ಈಗಂತೂ ಇನ್ನೂ ದೂರ. ಕವಾಸಾಕಿ ನಿಂಜಾ 650ರ ಶೋರೂಂ ಬೆಲೆಯೇ ಏಳು ಲಕ್ಷ ದಾಟಿದೆ. 350 ಸಿ.ಸಿ. ಮೀರಿದ ಬೈಕುಗಳಿಗೆ ಸೆಸ್ ಸೇರಿ ಶೇ 31 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 40ರ ಜಿಎಸ್‌ಟಿ ಆಯಿತು. 350ರವರೆಗಿನ ಬೈಕುಗಳಿಗೆ ಅದೇ ದಿನ ಶೇ 28ರಿಂದ 18ಕ್ಕೆ ಇಳಿಯಿತು. ಇದರ ಮೇಲೆ ಕರ್ನಾಟಕದಲ್ಲಿ ಒಂದು ಲಕ್ಷ ಮೀರಿದ ಬೈಕಿಗೆ ಜೀವಿತಾವಧಿ ತೆರಿಗೆ ಶೇ 18. ಏಳು ಲಕ್ಷದ ಬೈಕಿಗೆ ಅದೊಂದೇ ಸುಮಾರು ಒಂದೂಕಾಲು ಲಕ್ಷ. ಇವೆಲ್ಲವನ್ನೂ ಮೊದಲ ಮಾಲೀಕರು ಕಟ್ಟಿರುತ್ತಾರೆ. ಕೆಎ ನಂಬರಿನ ಗಾಡಿಯನ್ನು ಇಲ್ಲೇ ಕೊಂಡರೆ ಎರಡನೆಯವರು ಆ ತೆರಿಗೆಯನ್ನು ಮತ್ತೆ ಕಟ್ಟಬೇಕಿಲ್ಲ. ಸೆಕೆಂಡ್ ಹ್ಯಾಂಡ್ ಬೈಕಿನ ನಿಜವಾದ ಲಾಭ ಇದು.

ನನ್ನ ಲೆಕ್ಕವನ್ನೇ ಮುಂದಿಡುತ್ತೇನೆ. ಒಟ್ಟು ಹಣ ಮೂರೂವರೆ ಲಕ್ಷ. ಅದರಲ್ಲಿ 2014ರ ನಿಂಜಾ 650ಗೆ ಕೊಟ್ಟಿದ್ದು 2.25 ಲಕ್ಷ. ಹೆಸರು ಬದಲಾವಣೆ, ಇನ್ಶೂರೆನ್ಸ್ ಸೇರಿ 14 ಸಾವಿರ. ಎರಡು ಟೈರಿಗೆ 30 ಸಾವಿರ, ಚೈನ್ ಮತ್ತು ಸ್ಪ್ರಾಕೆಟ್ ಸೆಟ್ಟಿಗೆ 11 ಸಾವಿರ. ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಬ್ರೇಕ್ ಪ್ಯಾಡ್, ಸ್ಪಾರ್ಕ್ ಪ್ಲಗ್ ಎಲ್ಲ ಬದಲಿಸಿ ಮಾಡಿಸಿದ ಸರ್ವೀಸಿಗೆ 15 ಸಾವಿರ. ಒಳ್ಳೆಯ ಹೆಲ್ಮೆಟ್, ಜಾಕೆಟ್, ಗ್ಲೌಸ್, ಬೂಟಿಗೆ 25 ಸಾವಿರ. ಉಳಿದ 30 ಸಾವಿರವನ್ನು ಬೇರೆ ಖಾತೆಯಲ್ಲಿ ಇಟ್ಟೆ. ಈ ಹಣಕ್ಕೆ ಕೈ ಹಾಕಬೇಕಾಗಿ ಬಂದಿದ್ದು ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಚಾರ್ಜ್ ಆಗದೆ ನಿಂತಾಗ. ಹಣ ಇತ್ತಾದ್ದರಿಂದ ಮನೆಯಲ್ಲಿ ಯಾರೂ ಅದಕ್ಕಾಗಿ ಮುಖ ಸಪ್ಪೆ ಮಾಡಿಕೊಳ್ಳಬೇಕಾಗಲಿಲ್ಲ.

ಟೈರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಚೌಕಾಸಿಯಲ್ಲಿ ಅತಿ ದೊಡ್ಡ ಮೊತ್ತ ಅಲ್ಲಿದೆ. 150 ಸಿ.ಸಿ. ಬೈಕಿನಿಂದ ಬರುವವರು ಟೈರೆಂದರೆ ಮೂರು ನಾಲ್ಕು ಸಾವಿರದ ಮಾತು ಎಂದುಕೊಂಡಿರುತ್ತಾರೆ. ನಿಂಜಾ 650ರ ಮುಂದಿನದು 120/70, ಹಿಂದಿನದು 160/60, ಎರಡೂ 17 ಇಂಚಿನ ರೇಡಿಯಲ್. ಈ ಅಳತೆಯಲ್ಲಿ ಒಳ್ಳೆಯ ಹೆಸರಿನವು ಬಹುಪಾಲು ಹೊರದೇಶದಿಂದ ಬರುತ್ತವೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರುಗಳ ಆಮದಿಗೆ ಪರವಾನಗಿ ಕಡ್ಡಾಯ ಮಾಡಿತು. ಆ ಮೇಲೆ ಬೇಕಾದ ಟೈರು ಬೇಕಾದಾಗ ಸಿಗದ ಕಾಲವನ್ನೂ ಈ ಬೈಕುಗಳ ಮಾಲೀಕರು ಕಂಡರು. ಟೈರಿನ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹೆಚ್ಚು ಓಡದ ಗಾಡಿ ಎಂದು ಹೆಮ್ಮೆಯಿಂದ ತೋರಿಸುವ ಬೈಕಿನಲ್ಲಿ ಟೈರಿನ ಹಲ್ಲು ಚೆನ್ನಾಗಿಯೇ ಕಾಣುತ್ತದೆ, ಆದರೆ ರಬ್ಬರು ಏಳೆಂಟು ವರ್ಷದ್ದಾಗಿ ಗಟ್ಟಿಯಾಗಿರುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯ ತಿರುವಿನಲ್ಲಿ ಅಂಥ ಟೈರನ್ನು ನಂಬುವಂತಿಲ್ಲ. ಇಸವಿಯನ್ನು ಮಾರುವವರಿಗೇ ತೋರಿಸಿ, ಹೊಸ ಸೆಟ್ಟಿನ ಬೆಲೆಯನ್ನು ಅವರೆದುರೇ ಅಂಗಡಿಗೆ ಫೋನ್ ಮಾಡಿ ಕೇಳಿ. ನನಗೆ ಬೆಲೆ ಇಳಿದದ್ದು ಈ ಒಂದು ಫೋನಿನಿಂದ.

ಗಾಡಿ ನೋಡಲು ಹೋಗುವಾಗ ನಮ್ಮೂರಿನ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ದಿದ್ದೆ. ದೊಡ್ಡ ಬೈಕುಗಳನ್ನು ಬಿಚ್ಚಿದವರಲ್ಲ, ಆದರೆ ಕಣ್ಣು ಚುರುಕು. ಅವರು ಹೇಳಿದ ಮಾತನ್ನು ಈಗ ನಾನು ಎಲ್ಲರಿಗೂ ಹೇಳುತ್ತೇನೆ: “ಸಾರ್, ಬಿದ್ದಿರೋ ಗಾಡಿ ಪೇಂಟಲ್ಲಿ ಗೊತ್ತಾಗಲ್ಲ. ಹ್ಯಾಂಡಲ್ ತುದಿ ನೋಡಿ, ಲಿವರ್ ತುದಿ ನೋಡಿ, ಫುಟ್‌ರೆಸ್ಟ್ ತುದಿ ನೋಡಿ. ಅಲ್ಲಿ ಹೊಸದು ಹಾಕಿದ್ರೆ ಯಾಕೆ ಹಾಕಿದ್ರಿ ಅಂತ ಕೇಳಿ.” ಒಂದೇ ಕಡೆಯ ಮೂರೂ ತುದಿಗಳು ಹೊಸದಾಗಿದ್ದರೆ ಆ ಕಡೆಗೆ ಗಾಡಿ ಮಲಗಿದೆ ಎಂದೇ ಅರ್ಥ. ನಿಂತಲ್ಲೇ ಬಿದ್ದದ್ದಾದರೆ ದೊಡ್ಡ ವಿಷಯವಲ್ಲ. ಓಡುತ್ತ ಬಿದ್ದದ್ದಾದರೆ ಎಂಜಿನ್ ಕವರಿನ ಮೇಲೆ ಉದ್ದದ ಗೀರು ಇರುತ್ತದೆ. ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ಫ್ರೇಮಿಗೆ ತಡೆಯಾಗಿ ನಿಲ್ಲುವ ಚಿಕ್ಕ ಉಬ್ಬು ಜಜ್ಜಿಹೋಗಿದೆಯೇ ಎಂದೂ ಅವರು ಬೆರಳಾಡಿಸಿ ನೋಡಿದರು. ಅದು ಕೆಟ್ಟಿದ್ದರೆ ಎಷ್ಟೇ ಅಗ್ಗವಾಗಿದ್ದರೂ ಬೇಡ. ಮುಂದಿನ ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲ್ ಹೋಗಿದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಬೇಕು. ನೀವು ಹೋಗುವ ಹೊತ್ತಿಗೆ ಎಂಜಿನ್ ಬಿಸಿಯಾಗಿದ್ದರೆ, ಇನ್ನೊಂದು ದಿನ ಬರುತ್ತೇನೆಂದು ಹೇಳಿ ವಾಪಸ್ಸಾಗಿ.

ಲೆಕ್ಕಪತ್ರದವನಾಗಿ ನಾನು ಗಾಡಿಗಿಂತ ಮೊದಲು ಕೇಳುವುದು ಹಳೆಯ ಇನ್ಶೂರೆನ್ಸ್ ಪಾಲಿಸಿಯನ್ನು. ಅದರಲ್ಲಿ ನೋ ಕ್ಲೇಮ್ ಬೋನಸ್ ಎಂಬ ಸಾಲಿರುತ್ತದೆ. ಮೊದಲ ವರ್ಷ ಕ್ಲೇಮ್ ಮಾಡದಿದ್ದರೆ ಶೇ 20, ಆ ಮೇಲೆ 25, 35, 45, ಐದನೆಯ ವರ್ಷಕ್ಕೆ 50. ಒಂದೇ ಕೈಯಲ್ಲಿದ್ದ ಆರು ವರ್ಷದ ಗಾಡಿಯ ಪಾಲಿಸಿಯಲ್ಲಿ ಶೇ 50 ಇದ್ದರೆ ಇನ್ಶೂರೆನ್ಸ್ ಹಣದಿಂದ ದೊಡ್ಡ ರಿಪೇರಿ ಆಗಿಲ್ಲ ಎಂದು ತಿಳಿಯಬಹುದು. ಸೊನ್ನೆ ಇದ್ದರೆ ಕಾರಣ ಕೇಳಬೇಕು: ಕ್ಲೇಮ್ ಆಗಿದೆಯೇ, ಪಾಲಿಸಿ ನಡುವೆ ತಪ್ಪಿದೆಯೇ? ಮಾರುವವರ ಬಾಯಿಮಾತಿಗಿಂತ ಈ ಒಂದು ಸಾಲು ಹೆಚ್ಚು ಹೇಳುತ್ತದೆ. ಒಂದು ನೆನಪಿರಲಿ, ಈ ಬೋನಸ್ ಗಾಡಿಯ ಜೊತೆ ನಿಮಗೆ ಬರುವುದಿಲ್ಲ, ಅದು ಹಳೆಯ ಮಾಲೀಕರದ್ದೇ. ಥರ್ಡ್ ಪಾರ್ಟಿ ಪ್ರೀಮಿಯಂ 2022ರ ಜೂನ್‌ನ ದರದಂತೆ 350 ಸಿ.ಸಿ. ಮೀರಿದ ಬೈಕಿಗೆ ವರ್ಷಕ್ಕೆ 2,804 ರೂ. ಮೇಲೆ ಜಿಎಸ್‌ಟಿ. 150ರಿಂದ 350ರವರೆಗೆ 1,366 ರೂ. ಮಾತ್ರ.

ಕಾಗದದ ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ಕೊಡಬೇಡಿ. ಪರಿವಾಹನ್ ಜಾಲತಾಣದಲ್ಲಿ ಗಾಡಿಯ ನಂಬರು ಹಾಕಿದರೆ ಎಷ್ಟನೆಯ ಮಾಲೀಕರು, ಬ್ಯಾಂಕ್ ಸಾಲ ಇದೆಯೇ, ಇನ್ಶೂರೆನ್ಸ್ ಎಂದಿನವರೆಗೆ ಎಂಬುದೆಲ್ಲ ಸಿಗುತ್ತದೆ. ಸಾಲ ತೀರಿದೆ ಎಂದು ಹೇಳಿದರೆ ಸಾಲದು. ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೈಗೆ ಬರಬೇಕು. ಚಾಸಿ ನಂಬರ್, ಎಂಜಿನ್ ನಂಬರ್‌ಗಳನ್ನು ಆರ್‌ಸಿಯ ಜೊತೆ ಒಂದೊಂದೇ ಅಂಕಿ ಹೋಲಿಸಿ ನೋಡಿ. ಹೆಸರು ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಸಹಿಯಾಗಿ ಆರ್‌ಟಿಒಗೆ ಹೋಗುವವರೆಗೆ ಪೂರ್ತಿ ಹಣ ಕೊಡಬೇಡಿ. ಆಮೇಲೆ ಮಾಡಿಕೊಂಡರಾಯಿತು ಎಂದು ಮಾರುವವರು ಎಳೆದಾಡಿದರೆ, 2018ರ ಸುಪ್ರೀಂ ಕೋರ್ಟ್ ತೀರ್ಪನ್ನು ನೆನಪಿಸಿ. ಗಾಡಿ ಮಾರಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಅದು ಹೇಳಿದೆ. ಇದನ್ನು ತಿಳಿಸಿದ ಮೇಲೆ ನನಗೆ ಮಾರಿದವರೇ ಮುಂದಾಗಿ ಆರ್‌ಟಿಒಗೆ ಬಂದರು.

ಬೇರೆ ರಾಜ್ಯದ ನಂಬರಿನ ಬೈಕುಗಳು ಬೆಂಗಳೂರಿನಲ್ಲಿ ಐವತ್ತು ಅರವತ್ತು ಸಾವಿರ ಕಡಿಮೆಗೆ ಸಿಗುತ್ತವೆ. ಪುದುಚೇರಿಯ ನಂಬರುಗಳನ್ನು ನೀವೂ ನೋಡಿರುತ್ತೀರಿ. ಅವನ್ನು ಇಲ್ಲಿಗೆ ತರಬೇಕಾದರೆ ಅಲ್ಲಿಂದ ಎನ್‌ಒಸಿ ತಂದು, ಗಾಡಿಯ ವಯಸ್ಸಿಗೆ ತಕ್ಕಂತೆ ಇಲ್ಲಿಯ ಜೀವಿತಾವಧಿ ತೆರಿಗೆ ಕಟ್ಟಬೇಕು. ಕಡಿಮೆಯಾದ ಹಣ ಅಲ್ಲಿಗೆ ಹೋಗುತ್ತದೆ, ಓಡಾಟ ಬೇರೆ. ನಾನು ಅಂಥವುಗಳನ್ನು ನೋಡಲೂ ಹೋಗಲಿಲ್ಲ.

ಇನ್ನು ಯಾವ ಬೈಕು ಎಂಬ ಪ್ರಶ್ನೆ. ಇಲ್ಲಿ ವೇಗ, ಅಶ್ವಶಕ್ತಿಗಳನ್ನು ಬದಿಗಿಟ್ಟು ಒಂದೇ ವಿಷಯ ವಿಚಾರಿಸಿ: ಐದು ವರ್ಷದ ನಂತರ ಇದರ ಬಿಡಿಭಾಗ ಎಲ್ಲಿ ಸಿಗುತ್ತದೆ? ಕೊರಿಯಾದ ಹ್ಯೋಸಂಗ್ ಜಿಟಿ650ಆರ್ ನೋಡಲು ಭರ್ಜರಿ, ಬೆಲೆಯೂ ಕೈಗೆಟುಕುವಂಥದ್ದು. ಆದರೆ ಅದನ್ನು ಭಾರತದಲ್ಲಿ ಮಾರುವ ಸಂಸ್ಥೆ ಗರ್ವಾರೆಯಿಂದ ಡಿಎಸ್‌ಕೆಗೆ, ಅಲ್ಲಿಂದ ಕೈನೆಟಿಕ್‌ಗೆ ಬದಲಾಗುತ್ತ ಹೋಯಿತು. ಬೆನೆಲ್ಲಿಯ ಟಿಎನ್‌ಟಿ 600ಐಗೂ 2018ರಲ್ಲಿ ಪಾಲುದಾರರು ಬದಲಾದರು. ನಾಲ್ಕು ಸಿಲಿಂಡರಿನ ಆ ಸದ್ದಿಗೆ ಮನಸೋಲದವರು ಕಡಿಮೆ. ಆದರೂ ಸಾಧಾರಣ ಬಜೆಟ್ಟಿನವರು ನಾಲ್ಕು ಸಿಲಿಂಡರಿನ ಹಳೆಯ ಬೈಕಿನಿಂದ ದೂರವಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾಲ್ಕು ಪ್ಲಗ್, ಹದಿನಾರು ವಾಲ್ವ್. ವಾಲ್ವ್ ಕ್ಲಿಯರೆನ್ಸ್ ಸರಿಪಡಿಸುವ ಕೆಲಸ ಬಂದಾಗ ಬಿಚ್ಚುವ ಕೂಲಿಯೇ ಕಣ್ಣು ಬಿಡಿಸುತ್ತದೆ.

ನಿಂಜಾ 650ರಲ್ಲಿ ಎರಡು ಸಿಲಿಂಡರ್, ವರ್ಷಗಳಿಂದ ಹೆಚ್ಚು ಬದಲಾಗದ 649 ಸಿ.ಸಿ. ಎಂಜಿನ್. ಬಜಾಜ್ ಮತ್ತು ಕವಾಸಾಕಿ 2017ರಲ್ಲಿ ಬೇರೆಯಾದರೂ ಕವಾಸಾಕಿ ತಾನೇ ಇಲ್ಲಿ ಉಳಿದದ್ದರಿಂದ ಬಿಡಿಭಾಗಗಳ ದಾರಿ ಮುಚ್ಚಲಿಲ್ಲ. ಆದರೆ ನನ್ನಂಥ ಜಿಲ್ಲಾ ಕೇಂದ್ರದವರಿಗೆ ಸರ್ವೀಸ್ ಎಂದರೆ ಬೆಂಗಳೂರು, ಹೋಗಿ ಬರುವುದಕ್ಕೆ 370 ಕಿಲೋಮೀಟರು. ಲೀಟರಿಗೆ 20 ಕಿಲೋಮೀಟರಿನ ಆಸುಪಾಸು ಕೊಡುವ ಬೈಕಿನಲ್ಲಿ, ಪೆಟ್ರೋಲ್ ನೂರು ದಾಟಿದ ಮೇಲೆ, ಪ್ರತಿ ಸರ್ವೀಸಿಗೂ ಪೆಟ್ರೋಲಿನ ಖರ್ಚೇ ಸುಮಾರು 1,900 ರೂ. ಜೊತೆಗೆ ಒಂದು ದಿನದ ರಜೆ. ಇನ್ನೊಂದು ಮುಖ್ಯ ವಿಷಯ, ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್. 125 ಸಿ.ಸಿ. ಮೀರಿದ ಎಲ್ಲ ಹೊಸ ಬೈಕುಗಳಿಗೂ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ನಿಂಜಾ 650ಗೆ 2017ರ ಮಾದರಿಯಲ್ಲಿ ಬಂತು. ನಿಂಜಾ 300ಗೆ 2018ರಲ್ಲಿ. ಈಗ ಹುಡುಕುವವರು ಈ ಇಸವಿಗಳಿಂದ ಈಚಿನದನ್ನೇ ಹುಡುಕಿ, ಅದಕ್ಕೆ ನಲವತ್ತು ಐವತ್ತು ಸಾವಿರ ಹೆಚ್ಚಾದರೂ ಸರಿ.

ರಾಯಲ್ ಎನ್‌ಫೀಲ್ಡಿನ 650 ಅವಳಿಗಳು 2018ರ ನವೆಂಬರ್‌ನಲ್ಲಿ ಬಂದ ಮೇಲೆ ಈ ಲೆಕ್ಕವೇ ಬದಲಾಯಿತು. ಇಂಟರ್‌ಸೆಪ್ಟರ್ ಎರಡೂವರೆ ಲಕ್ಷಕ್ಕೆ, ಕಾಂಟಿನೆಂಟಲ್ ಜಿಟಿ 2.65 ಲಕ್ಷಕ್ಕೆ ಬಿಡುಗಡೆಯಾದವು. 648 ಸಿ.ಸಿ., 47 ಅಶ್ವಶಕ್ತಿ, ಮೊದಲ ದಿನದಿಂದಲೇ ಎಬಿಎಸ್. ನಿಂಜಾದ ಓಟ ಇದಕ್ಕಿಲ್ಲ, ಅದು ನಿಜ. ಆದರೆ ಸರ್ವೀಸ್ ನಮ್ಮೂರಿನಲ್ಲೇ ಇದೆ, ಭಾಗಗಳು ಸಿಗುತ್ತವೆ, ಟೈರೂ ಅಗ್ಗ. ಕೆಲಸದ ದಿನ ಸಂಜೆ ಗಾಡಿ ಬಿಟ್ಟು ಮಾರನೆಯ ದಿನ ತರಬಹುದು.

ಸಾಲದ ಮಾತು ಚಿಕ್ಕದಾಗಿ. ಎರಡು ಲಕ್ಷವನ್ನು ಶೇ 16ರ ಬಡ್ಡಿಗೆ ಮೂರು ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 7,030 ರೂ., ಬಡ್ಡಿಯೇ 53 ಸಾವಿರ. ಒಂದು ಸೆಟ್ ಟೈರು, ಒಂದು ಚೈನ್ ಸೆಟ್ ಆ ಬಡ್ಡಿಯಲ್ಲಿ ಬರುತ್ತಿತ್ತು. ಅದೇ 7,000 ರೂಪಾಯಿಯನ್ನು ಆರ್‌ಡಿಗೆ ಕಟ್ಟಿ ಎರಡು ವರ್ಷ ಕಾದರೆ ಬಡ್ಡಿ ಬಿಟ್ಟೇ 1.68 ಲಕ್ಷ ಕೈಯಲ್ಲಿರುತ್ತದೆ. ಹಳೆಯ ಬೈಕುಗಳ ಬೆಲೆ ಅಷ್ಟರಲ್ಲಿ ಇನ್ನಷ್ಟು ಇಳಿದಿರುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಓಡಿಸಬಹುದೆಂಬ ಆಸೆಯಿಂದ ಅವಸರ ಮಾಡುವವರಿಗೆ ಒಂದು ಮಾತು: 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲ, ಎಂಜಿನ್ ಎಷ್ಟೇ ದೊಡ್ಡದಿರಲಿ.

ಮೂರೂವರೆ ಲಕ್ಷ ಕೂಡಿಟ್ಟು ಹಾಸನ, ಶಿವಮೊಗ್ಗ, ಹಾವೇರಿಯಂಥ ಊರಿನಲ್ಲಿ ಇರುವವರು ಒಂದೇ ಕೈಯಲ್ಲಿ ಓಡಿದ, ಕೆಎ ನಂಬರಿನ ಕಾಂಟಿನೆಂಟಲ್ ಜಿಟಿ 650 ಕೊಳ್ಳಿ. ಬೆಂಗಳೂರಿನಲ್ಲಿದ್ದು ನಿಂಜಾ 650 ಬೇಕೇ ಬೇಕು ಎನ್ನುವವರು ಇನ್ನೊಂದು ವರ್ಷ ಹಣ ಕೂಡಿಸಿ, 2017ರ ನಂತರದ್ದನ್ನು, ಟೈರು ಮತ್ತು ಚೈನು ಈಚೆಗೆ ಬದಲಿಸಿದ ಬಿಲ್ಲು ತೋರಿಸುವವರ ಹತ್ತಿರ ಕೊಳ್ಳಿ. ಆ ಬಿಲ್ಲಿದ್ದರೆ ಇಪ್ಪತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.