ಕೋಡಿ ಕಟ್ಟಬೇಡಿ

ತೋಟಕ್ಕೊಂದು ಕೆರೆ ಮಾಡಿಕೊಂಡಿರುವ ಮಲೆನಾಡಿನ ಹುಡುಗರೇ, ನಿಮ್ಮ ಹುಮ್ಮಸ್ಸು ಕಂಡರೆ ಖುಷಿಯಾಗುತ್ತದೆ. ಹೂಮಳೆ ಕೈಕೊಟ್ಟರೂ ಸ್ಪ್ರಿಂಕ್ಲರ್ ಹಾಕಿ ಕಾಫಿ ಅರಳಿಸುತ್ತೇವೆಂಬ ಧೈರ್ಯ ಸಣ್ಣದಲ್ಲ. ಆದರೆ ಆ ಕೆರೆಯ ಮಣ್ಣಿನ ಏರಿ ನೋಡಿದಾಗ ದಿಗಿಲಾಗುತ್ತದೆ.

ಹಿಂದಿನವರು ಏರಿ ಹಾಕುವಾಗ ಆತುರಪಡುತ್ತಿರಲಿಲ್ಲ. ನಡುವೆ ಜೇಡಿಮಣ್ಣು ತುಂಬಿ, ನೀರು ಚಿಮುಕಿಸಿ, ಪದರ ಪದರವಾಗಿ ದಮ್ಮಸು ಮಾಡಿ ಏರಿಸುತ್ತಿದ್ದರು. ಊರ ಕೆರೆ ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ನಿಮ್ಮ ಕೆರೆಗೆ ನೀವೇ ನೀರುಗಂಟಿ, ಮರೆಯಬೇಡಿ.

ಈಗ ಜೆಸಿಬಿ ಬಂದು ಮಣ್ಣು ಗುಡ್ಡೆ ಹಾಕಿ ಹೋಗುತ್ತದೆ. ಅದಕ್ಕಿಂತ ಅಪಾಯದ್ದು, ಹೆಚ್ಚಾದ ನೀರು ಹೊರಹೋಗುವ ಕೋಡಿಯನ್ನೇ ಕಟ್ಟುವ ಚಾಳಿ. ಇನ್ನೆರಡು ಅಡಿ ನೀರು ನಿಲ್ಲಲಿ ಎಂದು ಮಳೆಗಾಲದ ಕೊನೆಗೆ ಇಟ್ಟ ಮರಳಿನ ಚೀಲ ಮುಂದಿನ ಜೂನ್‌ಗೂ ಅಲ್ಲೇ ಇರುತ್ತದೆ. ಮೀನು ಹೋಗದಿರಲೆಂದು ಕಟ್ಟಿದ ಬಲೆಗೆ ತರಗೆಲೆ ಮೆತ್ತಿಕೊಂಡು ಅದೇ ಗೋಡೆಯಾಗುತ್ತದೆ.

ಕೋಡಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಕೇಳಿ. ಹವಾಯಿಯ ಕವಾಯಿ ದ್ವೀಪದಲ್ಲಿ ಕಬ್ಬಿನ ತೋಟಕ್ಕೆಂದು 1890ರಲ್ಲಿ ಕಟ್ಟಿದ ಕಾ ಲೋಕೊ ಎಂಬ ಮಣ್ಣಿನ ಅಣೆಕಟ್ಟಿತ್ತು. ಅದು ಖಾಸಗಿಯವರದು. ನೂರು ವರ್ಷ ದಾಟಿ ನಿಂತಿದ್ದ ಆ ಏರಿ 2006ರ ಮಾರ್ಚ್ 14ರಂದು, ಬಿಡದೆ ಸುರಿದ ಮಳೆಗೆ ಒಡೆದು ಏಳು ಜನರ ಪ್ರಾಣ ತೆಗೆಯಿತು. ಕೋಡಿ ಇರಬೇಕಾದಲ್ಲಿ ಕೋಡಿಯೇ ಇರಲಿಲ್ಲವೆಂದು ತನಿಖೆ ಹೇಳಿತು. ನೀರಿಗೆ ಹೊರದಾರಿ ಇಲ್ಲದಿದ್ದರೆ ಅದು ಏರಿಯ ನೆತ್ತಿ ಹತ್ತುತ್ತದೆ. ನೆತ್ತಿಯ ಮೇಲೆ ಗೇಣುದ್ದ ನೀರು ಹರಿದರೂ ಸಾಕು, ಹಿಂಬದಿಯ ಮಣ್ಣು ಕೊರೆದು ಏರಿಯೇ ಹೋಗುತ್ತದೆ.

ಆದ್ದರಿಂದ ಮುಂಗಾರಿಗೆ ಮೊದಲೇ ಕೋಡಿ ಬಿಡಿಸಿ. ಏರಿಯ ಪೊದೆ ಸವರಿ, ಹೆಗ್ಗಣ, ಏಡಿಗಳ ಬಿಲ ಹುಡುಕಿ ಮುಚ್ಚಿ. ದೊಡ್ಡ ಮರ ಬೆಳೆಯಗೊಡಬೇಡಿ. ಬೇರು ಕೊಳೆತ ಜಾಡಿನಲ್ಲೇ ನೀರು ನುಗ್ಗುತ್ತದೆ. ಏರಿಯ ಬುಡದಲ್ಲಿ ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದರೆ ದಿನವೂ ಗಮನವಿಡಿ. ಕೆಂಪಗೆ ಬಂದರೆ ಏರಿಯ ಒಳಮಣ್ಣೇ ತೊಳೆದು ಹೋಗುತ್ತಿದೆ ಎಂದರ್ಥ. ಆಗ ತಡಮಾಡದೆ ಕೆಳಗಿನವರನ್ನು ಎಬ್ಬಿಸಿ, ತೂಬು ತೆಗೆದು ನೀರು ಇಳಿಸಿ, ಬಲ್ಲ ಎಂಜಿನಿಯರನ್ನು ಕರೆಸಿ.

ಕೆರೆ ನಿಮ್ಮ ಪಹಣಿಯಲ್ಲಿರಬಹುದು. ಒಡೆದ ನೀರು ಪಹಣಿ ನೋಡಿ ಹರಿಯುವುದಿಲ್ಲ. ಹಳ್ಳದ ದಾರಿಯಲ್ಲಿ ಕೂಲಿಯವರ ಲೈನ್ ಮನೆಗಳಿವೆ, ಪಕ್ಕದವರ ಗದ್ದೆಯಿದೆ. ಎರಡು ಅಡಿ ನೀರು ಕಡಿಮೆಯಾದರೆ ಸ್ಪ್ರಿಂಕ್ಲರ್ ಒಂದು ಸುತ್ತು ತಪ್ಪೀತು; ಆ ನಷ್ಟ ಮುಂದಿನ ಫಸಲಿನಲ್ಲಿ ತುಂಬಿಕೊಳ್ಳಬಹುದು. ಹೋದ ಜೀವವನ್ನು ಯಾವ ಫಸಲೂ ತುಂಬಿಕೊಡದು. ಮಳೆ ಹಿಡಿಯುವ ಮುನ್ನ ಕೋಡಿಯ ಆ ಮರಳಿನ ಚೀಲಗಳನ್ನು ತೆಗೆದುಬಿಡಿ.