ಒಂದು ಗಣಕ, ಎರಡು ವ್ಯವಸ್ಥೆಗಳು: ಲಿನಕ್ಸ್ ನವೀಕರಣದ ಕ್ರಮ

ಶೃಂಗೇರಿ ತಾಲ್ಲೂಕಿನ ಬೇಗಾರಿನಂಥ ಮಲೆನಾಡಿನ ಊರುಗಳಲ್ಲಿ ಮಳೆಗಾಲದ ಗಾಳಿಗೆ ಮರ ಬಿದ್ದು ವಿದ್ಯುತ್ತು ನಿಲ್ಲುವುದುಂಟು. ಮನೆಯ ಒಂದೇ ಗಣಕದಲ್ಲಿ ಅಡಕೆಯ ಲೆಕ್ಕಕ್ಕೆ ವಿಂಡೋಸ್, ವ್ಯಾಸಂಗಕ್ಕೆ ಲಿನಕ್ಸ್ ಇದ್ದು, ಲಿನಕ್ಸಿನ ನವೀಕರಣದ ನಡುವೆ ವಿದ್ಯುತ್ತು ಹೋದರೆ ಏನಾಗುವುದು?

ಎರಡು ವ್ಯವಸ್ಥೆಗಳೂ ಡಿಸ್ಕಿನ ಬೇರೆ ಬೇರೆ ಭಾಗಗಳಲ್ಲಿರುವುದರಿಂದ ಸಾಮಾನ್ಯವಾಗಿ ವಿಂಡೋಸಿನ ಕಡತಗಳಿಗೆ ಧಕ್ಕೆಯಿಲ್ಲ. ಆದರೆ ಈಚಿನ ಗಣಕಗಳಲ್ಲಿ, ಯಂತ್ರವನ್ನು ಚಾಲೂ ಮಾಡುವ ಕ್ರಮವಿಧಿಗಳಿರುವ ಚಿಕ್ಕ ಭಾಗವೊಂದು ಎರಡಕ್ಕೂ ಸಮಾನವಾದುದು. ಯಾವ ವ್ಯವಸ್ಥೆ ಬೇಕೆಂದು ಕೇಳುವ ‘ಗ್ರಬ್’ ಆರಂಭವಾಗುವುದೂ ಅಲ್ಲಿಂದಲೇ. ಅಪಾಯವಿರುವುದು ಈ ಹೊಸ್ತಿಲಿನಲ್ಲಿ. 2024ರ ಆಗಸ್ಟಿನಲ್ಲಿ ವಿಂಡೋಸಿನ ನವೀಕರಣವೊಂದು ಆರಂಭಕಾಲದ ಭದ್ರತಾ ಪರೀಕ್ಷೆಯನ್ನು ಬಿಗಿಗೊಳಿಸಲು, ಜೊತೆಯಲ್ಲಿದ್ದ ಲಿನಕ್ಸ್ ಹಲವು ಗಣಕಗಳಲ್ಲಿ ಆರಂಭವಾಗದೆ ಹೋಯಿತು.

ಆದುದರಿಂದ ಮೊದಲು ಎರಡೂ ವ್ಯವಸ್ಥೆಗಳ ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ತೆರೆದು ನೋಡಬೇಕು. ವಿಂಡೋಸಿನ ಭಾಗಕ್ಕೆ ಬಿಟ್‌ಲಾಕರ್ ಬೀಗವಿದ್ದರೆ ಅದರ 48 ಅಂಕೆಗಳ ಕೀಲಿಯನ್ನು ಕಾಗದದಲ್ಲಿ ಬರೆದಿಡಬೇಕು. ಆರಂಭಕ್ರಮ ಬದಲಾದಾಗ ಅದನ್ನು ಕೇಳುವ ಸಂಭವವಿದೆ. ಲಿನಕ್ಸನ್ನು ಹೊರಗಿನಿಂದಲೇ ಚಾಲೂ ಮಾಡಬಲ್ಲ ಪೆನ್‌ಡ್ರೈವ್ ಒಂದು ಸಿದ್ಧವಿರಲಿ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ತುಂಬಿರಲಿ. ಮೇಜಿನ ಗಣಕಕ್ಕೆ ಯುಪಿಎಸ್ ಇರಲಿ.

ಇಷ್ಟಾಗಿಯೂ ಕೆಲಸ ನಡುವೆ ನಿಂತರೆ ಡಿಸ್ಕನ್ನು ಅಳಿಸಲು ಅವಸರಪಡಬಾರದು. ಗ್ರಬ್‌ನ ಪಟ್ಟಿಯಲ್ಲಿ ಹಳೆಯ ಕರ್ನೆಲ್, ಅಂದರೆ ಲಿನಕ್ಸಿನ ತಿರುಳು, ಸಾಮಾನ್ಯವಾಗಿ ಉಳಿದಿರುತ್ತದೆ. ಅದರ ಮೂಲಕ ಒಳಹೊಕ್ಕು, ಉಬುಂಟುವಿನಲ್ಲಾದರೆ ‘ಡಿಪಿಕೆಜಿ’ ಎಂಬ ಉಪಕರಣದಿಂದ ಅರ್ಧಕ್ಕೆ ನಿಂತ ಜೋಡಣೆಯನ್ನು ಮುಂದುವರಿಸಬಹುದು. ಗ್ರಬ್ಬೇ ಕಾಣದಿದ್ದರೆ ಪೆನ್‌ಡ್ರೈವಿನಿಂದ ಗಣಕವನ್ನು ಆರಂಭಿಸಿ ಅದನ್ನು ಮರಳಿ ಸ್ಥಾಪಿಸಬಹುದು. ಕೊನೆಗೆ ಎರಡು ವ್ಯವಸ್ಥೆಗಳನ್ನೂ ಒಂದೊಂದು ಸಲ ತೆರೆದು ನೋಡಿದ ಮೇಲೆಯೇ ನವೀಕರಣ ಮುಗಿಯಿತೆಂದು ತಿಳಿಯಬೇಕು.