ನೇಪಾಳಕ್ಕೆ ಹೊರಡುವ ನಮ್ಮ ಸಭೆಯ ತಂಡಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ಮನೆ ಕಟ್ಟುವ ಕೆಲಸಕ್ಕೆ ಹೆಸರು ಕೊಟ್ಟವರೂ ವೈದ್ಯಕೀಯ ಶಿಬಿರಕ್ಕೆ ಹೆಸರು ಕೊಟ್ಟವರೂ ಇದನ್ನು ಪೂರ್ತಿ ಓದಿ ಸಹಿ ಹಾಕಬೇಕು. ಸಹಿ ಹಾಕದವರಿಗೆ ಟಿಕೆಟ್ ಮಾಡಿಸುವುದಿಲ್ಲ.

ನಾವು ಹೋಗುತ್ತಿರುವುದು ಕರ್ಣಾಲಿ ಪ್ರಾಂತ್ಯದ ಜಾಜರ್‌ಕೋಟ್‌ಗೆ. 2023ರ ನವೆಂಬರ್ 3ರ ರಾತ್ರಿ 11.47ಕ್ಕೆ ಭೂಮಿ ನಡುಗಿ, ಅಲ್ಲಿಯೂ ಪಕ್ಕದ ಪಶ್ಚಿಮ ರುಕುಮ್‌ನಲ್ಲಿಯೂ 150ಕ್ಕೂ ಹೆಚ್ಚು ಜನ ಸತ್ತರು. ಮಲಗಿದ್ದವರ ಮೇಲೆ ಅವರವರ ಮನೆಯ ಕಲ್ಲುಮಣ್ಣಿನ ಗೋಡೆಗಳೇ ಬಿದ್ದಿದ್ದವು. ಅಂಥ ಊರಿಗೆ ಹೋಗಿ ಇನ್ನೊಂದು ಕೆಟ್ಟ ಗೋಡೆ ಎಬ್ಬಿಸಿ ಬರುವುದಾದರೆ ಮನೆಯಲ್ಲೇ ಇದ್ದು ಆ ಟಿಕೆಟ್ಟಿನ ದುಡ್ಡು ಕಳಿಸುವುದು ಮೇಲು.

ಹೊರಡುವ ಮುಂಚೆ

ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿಯ ಮೂಲಪ್ರತಿ ಕೈಯಲ್ಲಿರಲಿ; ಆಧಾರ್ ಕಾರ್ಡ್ ಒಂದನ್ನೇ ನಂಬಿ ಬರಬೇಡಿ. ನೂರು ಭಾರತೀಯ ರೂಪಾಯಿಗೆ ಅಲ್ಲಿನ 160. ಅಂಗಡಿಯವರು ಬೆಲೆ ಹೇಳಿದಾಗ 'ಐಸಿ'ಯೋ 'ಎನ್‌ಸಿ'ಯೋ, ಅಂದರೆ ನಮ್ಮ ದುಡ್ಡೋ ಅವರ ದುಡ್ಡೋ ಎಂದು ಕೇಳಿ ಕೊಡಿ. ಗುಡ್ಡದ ರಸ್ತೆಯಲ್ಲಿ ರಾತ್ರಿ ಬಸ್ ಹತ್ತಬಾರದು, ಯಾರು ಎಷ್ಟೇ ಅವಸರ ಮಾಡಿದರೂ.

ಮತಾಂತರದ ಕಾನೂನು

ಇದನ್ನು ಎರಡು ಸಲ ಓದಿ. ನೇಪಾಳದ 2015ರ ಸಂವಿಧಾನದ 26ನೇ ವಿಧಿ ಮತಾಂತರ ಮಾಡಿಸುವುದನ್ನು ನಿಷೇಧಿಸಿದೆ. 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅಪರಾಧ ಸಂಹಿತೆಯ ಪ್ರಕಾರ ಇದಕ್ಕೆ ಐದು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಅಪರಾಧಿ ವಿದೇಶಿಯಾಗಿದ್ದರೆ ಶಿಕ್ಷೆ ಮುಗಿದ ಏಳು ದಿನದೊಳಗೆ ಗಡೀಪಾರು. ಆದ್ದರಿಂದ ಕರಪತ್ರ ಬೇಡ, ಹಂಚಲು ಸತ್ಯವೇದ ಬೇಡ, ಶಿಬಿರದ ಡೇರೆಯಲ್ಲಿ ಶಿಲುಬೆಯ ಬ್ಯಾನರ್ ಬೇಡ. ಸರತಿಯಲ್ಲಿ ನಿಂತ ರೋಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬೇಡಿ. ಔಷಧಕ್ಕಾಗಿ ಕಾಯುತ್ತಿರುವವರು ಬೇಡ ಎನ್ನುವುದು ಹೇಗೆ? ನಾವೇನೋ ಕೆಲವೇ ದಿನಕ್ಕೆ ವಾಪಸಾಗುತ್ತೇವೆ. ಪೊಲೀಸರು ಆಮೇಲೆ ಬಾಗಿಲು ತಟ್ಟುವುದು ಅಲ್ಲಿನ ಪುಟ್ಟ ಸಭೆಯ ಸಭಾಪಾಲಕರ ಮನೆಯದ್ದು. 'ಧೈರ್ಯವಾಗಿ ಸಾಕ್ಷಿ ಹೇಳಬೇಕು' ಎನ್ನುವವರು ನಮ್ಮಲ್ಲಿ ಇದ್ದೇ ಇರುತ್ತಾರೆ. ಇನ್ನೊಬ್ಬರ ಕುತ್ತಿಗೆ ಪಣಕ್ಕಿಟ್ಟು ತೋರುವ ಧೈರ್ಯ ನಮಗೆ ಬೇಡ.

ಆರಾಧನೆಗೆ ಹೋಗಬಹುದು, ಹೋಗಲೇಬೇಕು. ನೇಪಾಳದ ಸಭೆಗಳು ಸೇರುವುದು ಶನಿವಾರ. ಭಾನುವಾರ ಬೆಳಿಗ್ಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಕೂರಬೇಡಿ, ಅಂದು ನಮಗೆ ಕೆಲಸದ ದಿನ.

ಕಟ್ಟಡದ ಜಾಗದಲ್ಲಿ

ಗಾರೆ ಕೆಲಸದವರನ್ನು ಅಲ್ಲಿ ಡಕರ್ಮಿ ಎನ್ನುತ್ತಾರೆ, ಬಡಗಿಯನ್ನು ಸಿಕರ್ಮಿ. ಡಕರ್ಮಿ ಹೇಳಿದ್ದೇ ಅಂತಿಮ. ನಮ್ಮಲ್ಲಿ ಇಂಜಿನಿಯರುಗಳಿದ್ದಾರೆ, ಸಂತೋಷ. ಅನುಮಾನವಿದ್ದರೆ ಸಂಜೆ ಡಕರ್ಮಿಯನ್ನು ಪಕ್ಕಕ್ಕೆ ಕರೆದು ಕೇಳಿ, ಹತ್ತು ಜನರೆದುರು ಬೇಡ. ಕರಣೆ ನಿಮ್ಮ ಕೈಗೆ ಬರುವುದಿಲ್ಲ. ನಿಮ್ಮ ಪಾಲಿಗೆ ಬರುವುದು ಕಲ್ಲು ಹೊರುವುದು, ಮರಳು ಜರಡಿ ಹಿಡಿಯುವುದು, ಬಾಂಡ್ಲಿ ಸಾಗಿಸುವುದು, ಕ್ಯೂರಿಂಗಿಗೆ ನೀರು ಹೊಡೆಯುವುದು. ಅದೂ ಊರಿನ ಕೂಲಿಯವರ ದಿನಗೂಲಿ ತಪ್ಪದ ಹಾಗೆ: ಅವರಿಗೆ ಕೂಲಿ ಕೊಟ್ಟು ಅವರ ಜೊತೆಗೆ ದುಡಿಯುವುದು, ಅವರ ಬದಲಿಗೆ ಅಲ್ಲ.

ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಕಣ್ಣಿಡಬೇಕು. ಗೋಡೆಯನ್ನು ಸುತ್ತಲೂ ಹಿಡಿದಿಡುವ ಕಾಂಕ್ರೀಟ್ ಬೆಲ್ಟ್ ತಳಪಾಯದ ಮೇಲೆ, ಕಿಟಕಿಯ ಕೆಳಗೆ, ಲಿಂಟಲ್ ಮಟ್ಟದಲ್ಲಿ, ಮಾಡಿನ ಕೆಳಗೆ ಬರುತ್ತದೆ. ಅದರೊಳಗಿನ ಕಬ್ಬಿಣದ ರಿಂಗಿನ ತುದಿ ಬರೀ 90 ಡಿಗ್ರಿಗೆ ಬಾಗಿದ್ದರೆ ನಡುಕಕ್ಕೆ ಬಿಚ್ಚಿಕೊಳ್ಳುತ್ತದೆ. ಅದು 135 ಡಿಗ್ರಿಗೆ ಒಳಮುಖವಾಗಿ ಮಡಚಿರಬೇಕು. ಹಾಗೆಯೇ ಕಲ್ಲಿನ ಗೋಡೆಯಲ್ಲಿ ಅಲ್ಲಲ್ಲಿ ಎರಡೂ ಮುಖ ಮುಟ್ಟುವ ಉದ್ದ ಕಲ್ಲು ಕೂರಿಸಬೇಕು. ಇಲ್ಲದಿದ್ದರೆ ಒಳಗೋಡೆ ಒಂದು ಕಡೆ, ಹೊರಗೋಡೆ ಇನ್ನೊಂದು ಕಡೆ ಸೀಳುತ್ತದೆ. ಕಾಂಕ್ರೀಟ್ ಹಾಕುವ ಮುಂಚೆ ಪ್ರತಿ ರಿಂಗನ್ನೂ ಕೈಯಿಂದ ಮುಟ್ಟಿ ನೋಡಿ. ನಾವು ಹೊರಡುವ ದಿನದೊಳಗೆ ಮಾಡು ಮುಗಿಸಿ ಫೋಟೋ ತೆಗೆಯಬೇಕೆಂಬ ಆಸೆಯಲ್ಲಿ ಯಾರೂ ಡಕರ್ಮಿಯನ್ನು ಓಡಿಸಬಾರದು. ಅರ್ಧ ಉಳಿದರೆ ಅವರು ಮುಗಿಸುತ್ತಾರೆ. ಅದಕ್ಕೆ ಬೇಕಾದ ಹಣ ಬೇರೆಯೇ ಎತ್ತಿಟ್ಟಿದೆ.

ಶಿಬಿರದಲ್ಲಿ

ನಮ್ಮ ಊರಿನಲ್ಲಿ ನಿಮಗೆ ಮಾಡಲು ಅನುಮತಿಯಿಲ್ಲದ್ದನ್ನು ಅಲ್ಲಿಯೂ ಮಾಡುವಂತಿಲ್ಲ. ನರ್ಸಿಂಗ್ ಎರಡನೇ ವರ್ಷದವರು ಹೊಲಿಗೆ ಹಾಕುವುದಿಲ್ಲ, ಹಲ್ಲು ಕೀಳುವುದಿಲ್ಲ. ವೈದ್ಯರಿಗೆ ನೇಪಾಳ ವೈದ್ಯಕೀಯ ಪರಿಷತ್ತಿನ ತಾತ್ಕಾಲಿಕ ನೋಂದಣಿ ಬೇಕು. ಅದು ಕೈಗೆ ಬರುವವರೆಗೆ ಸ್ಟೆತಸ್ಕೋಪ್ ಚೀಲದಲ್ಲೇ ಇರಲಿ.

ಮನೆಯಲ್ಲಿ ಉಳಿದ ಮಾತ್ರೆ, ಕಂಪನಿಯವರು ಕೊಟ್ಟ ಸ್ಯಾಂಪಲ್ ತಂದು ಸುರಿಯಬೇಡಿ. ದಾನದ ಔಷಧಕ್ಕೆ ತಲುಪಿದ ದಿನದಿಂದ ಕನಿಷ್ಠ ಒಂದು ವರ್ಷ ಆಯುಷ್ಯ ಉಳಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಬಿಪಿ, ಸಕ್ಕರೆ ಕಾಯಿಲೆಗೆ ಅಲ್ಲಿನ ಸ್ವಾಸ್ಥ್ಯ ಚೌಕಿಯಲ್ಲಿ ಸಿಗುವ ಮಾತ್ರೆಯನ್ನೇ ಬರೆಯಿರಿ. ಒಂದು ತಿಂಗಳ ದುಬಾರಿ ಮಾತ್ರೆ ಕೊಟ್ಟು ಬಂದರೆ ಮೂವತ್ತೊಂದನೇ ದಿನ ಆ ಅಜ್ಜಿ ಏನು ನುಂಗಬೇಕು? ನೋಡಿದ ಪ್ರತಿ ರೋಗಿಯ ಚೀಟಿಯ ಪ್ರತಿ ಚೌಕಿಗೆ ಹೋಗಬೇಕು. 1988ರಿಂದ ನೇಪಾಳದ ಹಳ್ಳಿಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಮಹಿಳಾ ಸ್ವಯಂಸೇವಿಕೆಯರಿದ್ದಾರೆ. ಅವರಿಗೆ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿ; ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ಅವರಿಗೇ ಗೊತ್ತು. ರೋಗಿಯ ಫೋಟೋ ತೆಗೆಯುವುದು ಬೇಡವೇ ಬೇಡ.

ಮುಟ್ಟಾದ ಹೆಂಗಸರನ್ನು ಹೊರಗಿನ ಗುಡಿಸಲಿನಲ್ಲಿ ಮಲಗಿಸುವ ಛೌಪಡಿ ಪದ್ಧತಿ ಈ ಭಾಗದಲ್ಲಿ ಇನ್ನೂ ಅಳಿದಿಲ್ಲ. ಅದು ಶಿಕ್ಷಾರ್ಹ ಅಪರಾಧ. ನಮ್ಮ ಗೊಲ್ಲರಹಟ್ಟಿಗಳ ಇಂಥದೇ ಸುದ್ದಿ ಓದಿದವರು ಬೆಚ್ಚಿಬೀಳಬೇಕಿಲ್ಲ, ಭಾಷಣವನ್ನೂ ಮಾಡಬೇಕಿಲ್ಲ. ಸರ್ಕಾರವೇ ಗುಡಿಸಲು ಕೆಡವಿಸಿದ ಕಡೆ ಹೆಂಗಸರು ಅದಕ್ಕಿಂತ ಕೆಟ್ಟ ಜಾಗದಲ್ಲಿ ಮಲಗಿದ್ದುಂಟು. ಅಲ್ಲಿ ಯಾರಿಗಾದರೂ ಜ್ವರ, ರಕ್ತಸ್ರಾವ, ಹಾವು ಕಡಿತ ಎಂದು ಕಿವಿಗೆ ಬಿದ್ದರೆ ನಮ್ಮ ಮಹಿಳಾ ವೈದ್ಯರು ಸ್ವಯಂಸೇವಿಕೆಯ ಜೊತೆ ತಕ್ಷಣ ಹೋಗಬೇಕು.

ಊರಿನಲ್ಲಿ

ಯಾರನ್ನೂ 'ಬಹಾದ್ದೂರ್', 'ಗೂರ್ಖಾ' ಎಂದು ಕರೆಯಬೇಡಿ. ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಿನ ಚಾಳಿ ಅಲ್ಲಿಗೆ ಬರಬಾರದು. ಗಂಡಸರಿಗೆ ದಾಯಿ, ಹೆಂಗಸರಿಗೆ ದಿದಿ, ಹಿರಿಯ ಹೆಂಗಸರಿಗೆ ಆಮಾ. ಕನ್ನಡದಲ್ಲಿ ಆಡಿಕೊಂಡರೆ ತಿಳಿಯುವುದಿಲ್ಲ ಎಂದೂ ಭಾವಿಸಬೇಡಿ; ಕರ್ಣಾಲಿಯ ಎಷ್ಟೋ ಗಂಡಸರು ಭಾರತದ ಊರುಗಳಲ್ಲಿ ದುಡಿದು ಬಂದವರು, ನಮ್ಮ ಹೋಟೆಲುಗಳಲ್ಲಿ ತಟ್ಟೆ ತೊಳೆದವರೂ ಅವರಲ್ಲಿರಬಹುದು. ಎಂಜಲನ್ನು ಅವರು ಜೂಠೋ ಎನ್ನುತ್ತಾರೆ, ನಮ್ಮಷ್ಟೇ ಕಟ್ಟುನಿಟ್ಟು: ಬಾಟಲಿಗೆ ಬಾಯಿ ತಾಗಿಸಿ ಕುಡಿದು ಇನ್ನೊಬ್ಬರಿಗೆ ನೀಡಬೇಡಿ. ಗೋಹತ್ಯೆ ಅಲ್ಲಿ ಅಪರಾಧ, ದನದ ಮಾಂಸದ ತಮಾಷೆಯೂ ಬೇಡ.

ಮಕ್ಕಳಿಗೆ ಚಾಕೊಲೇಟ್ ಎಸೆಯಬಾರದು. ಅನಾಥಾಲಯ ನೋಡಿ ಬರೋಣ ಎಂದು ಯಾರಾದರೂ ಕರೆದರೆ ಹೋಗಬಾರದು. ನೇಪಾಳದ ಇಂಥ ಮನೆಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ನೋಡಲು ಬರುವವರ ದಾನಕ್ಕಾಗಿಯೇ ಮಕ್ಕಳನ್ನು ಹಳ್ಳಿಯಿಂದ ತಂದಿಟ್ಟ ಪ್ರಕರಣಗಳೂ ನಡೆದಿವೆ.

ಮುಂದಿನ ವರ್ಷ ಬರುತ್ತೇವೆ, ನಿಮ್ಮ ಮಗನಿಗೆ ಮಂಗಳೂರಿನಲ್ಲಿ ಸೀಟು ಕೊಡಿಸುತ್ತೇವೆ ಎಂಬ ಮಾತು ಯಾರ ಬಾಯಿಂದಲೂ ಬರಕೂಡದು. ಉಪಕರಣ, ಉಳಿದ ಸಿಮೆಂಟ್, ತಗಡು ಎಲ್ಲವನ್ನೂ ಪಟ್ಟಿ ಮಾಡಿ ವಾರ್ಡ್ ಕಚೇರಿಯಲ್ಲಿ ಸಹಿ ಪಡೆದು ಒಪ್ಪಿಸಬೇಕು, ಗುರುತಾದ ಮನೆಗೆ ಗುಟ್ಟಾಗಿ ಕೊಡುವಂತಿಲ್ಲ.

ಸಹಿ ಮಾಡಿದ ಪ್ರತಿ, ಲಸಿಕೆಯ ಚೀಟಿ, ಮನೆಯವರ ಫೋನ್ ನಂಬರ್ ಮೂರನ್ನೂ ಬರುವ ಭಾನುವಾರದ ಆರಾಧನೆ ಮುಗಿದ ಮೇಲೆ ಸಭೆಯ ಕಚೇರಿಗೆ ತಂದುಕೊಡಿ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ನಡೆಯುವುದಿಲ್ಲ.